ಡ್ರೈವ್ ಸತ್ತಿದೆ ಅನ್ನುವ ಮೊದಲು



ಬಳ್ಳಾರಿ ನಗರದಲ್ಲಿ, ಸಿರುಗುಪ್ಪ, ಕುರುಗೋಡು ಕಡೆ ಹಳೆಯ ಕಂಪ್ಯೂಟರುಗಳು ಇನ್ನೂ ಉಳಿದಿವೆ. ಅಕ್ಕಿ ಗಿರಣಿಯ ಲೆಕ್ಕದ ಕೋಣೆಯಲ್ಲಿ, ಮುದ್ರಣಾಲಯದ ಅಟ್ಟದ ಮೇಲೆ, ಶಾಲೆಯ ಬೀರುವಿನ ಹಿಂದೆ, ದಲಾಲಿ ಅಂಗಡಿಯ ಮೂಲೆಯಲ್ಲಿ. 386, 486, ಮೊದಮೊದಲ ಪೆಂಟಿಯಂ ಪೆಟ್ಟಿಗೆಗಳು. ಮನೆ ಕಟ್ಟುವಾಗಲೋ ಅಂಗಡಿ ಖಾಲಿ ಮಾಡುವಾಗಲೋ ಯಾರೋ ಅದನ್ನು ಹೊರಗೆ ತೆಗೆಯುತ್ತಾರೆ, ದೂಳು ಒರೆಸಿ ಸ್ವಿಚ್ ಹಾಕುತ್ತಾರೆ. ಕಪ್ಪು ಪರದೆಯ ಮೇಲೆ ಡ್ರೈವ್ ಸಿಗಲಿಲ್ಲ ಎಂಬ ಅರ್ಥದ ಒಂದು ಸಾಲು ಬರುತ್ತದೆ. ‘ಡಿಸ್ಕ್ ಸತ್ತೈತಿ’ ಎಂದು ಮನೆಯವರೆಲ್ಲ ಒಪ್ಪುತ್ತಾರೆ. ಮರುದಿನ ಗುಜರಿ ಗಾಡಿ ಬರುತ್ತದೆ. ಆ ತೀರ್ಮಾನಕ್ಕೂ ಗುಜರಿ ಗಾಡಿಗೂ ನಡುವೆ ಏನೇನು ನೋಡಬೇಕು ಎನ್ನುವುದೇ ಇವತ್ತಿನ ನನ್ನ ಮಾತು.

ನಾನು ಈ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲೇ ಬೆಳೆದವನು. ಸತ್ತಿದೆ ಅನ್ನಿಸಿಕೊಂಡು ನನ್ನ ಕೈಗೆ ಬಂದ ಡ್ರೈವುಗಳಲ್ಲಿ ಬಹಳಷ್ಟು ಸತ್ತಿರಲಿಲ್ಲ. ಕೇಬಲ್ ಸಡಿಲವಾಗಿತ್ತು, ಇಲ್ಲವೇ ತಿರುಗಾಮುರುಗಾ ಕೂತಿತ್ತು. ಕೆಲವದರಲ್ಲಿ ಜಂಪರ್, ಅಂದರೆ ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಕ್ಲಿಪ್, ಜಾಗ ತಪ್ಪಿತ್ತು. ಇನ್ನು ಕೆಲವದರಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಮುಗಿದು, ತನ್ನೊಳಗೆ ಎಂಥ ಡಿಸ್ಕ್ ಇದೆ ಎನ್ನುವುದೇ ಯಂತ್ರಕ್ಕೆ ಮರೆತುಹೋಗಿತ್ತು.

ನಮ್ಮ ಕಡೆಯ ಯಂತ್ರಗಳಲ್ಲಿ ಈ ತೊಂದರೆ ಹೆಚ್ಚಾಗಿರುವುದಕ್ಕೆ ಕಾರಣವಿದೆ. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿದಾಗ ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. 1983ರ ಎಕ್ಸ್‌ಟಿ ಮಾದರಿಯಲ್ಲಿ 10 ಎಂಬಿ ಡಿಸ್ಕ್ ಬಂತು. ನಮ್ಮ ದೇಶದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ಆಮೇಲೆ ಕಂಪನಿ ಹೆಸರಿನ ಪಿಸಿಗಳ ಜೊತೆಗೆ ಅಸೆಂಬಲ್ಡ್ ಪಿಸಿಗಳು ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ರಾತ್ರಿ ಬಸ್ಸಿನಲ್ಲಿ ಊರಿಗೆ ತಂದು, ಇಲ್ಲೇ ಜೋಡಿಸಿದ ಪೆಟ್ಟಿಗೆಗಳು ಅವು. ಒಂದೊಂದನ್ನು ಒಬ್ಬೊಬ್ಬರು ಜೋಡಿಸಿದ್ದಾರೆ. ಮ್ಯಾನ್ಯುಯಲ್ ಇಲ್ಲ, ನಕ್ಷೆ ಇಲ್ಲ. ಆಮೇಲೆ ರಿಪೇರಿಗೆ ಬಂದವರು ತಮಗೆ ಸಿಕ್ಕ ಕೇಬಲ್ ಹಾಕಿ ಹೋಗಿದ್ದಾರೆ. ಹಾಗಾಗಿ ಒಳಗಿನ ಜೋಡಣೆ ಸರಿಯಿದೆ ಎಂದು ನಂಬಿಕೊಂಡು ಕೆಲಸ ಶುರು ಮಾಡಬಾರದು.

ಇಷ್ಟು ಕಷ್ಟ ಏಕೆ ಪಡಬೇಕು ಎಂದು ನೀವು ಕೇಳಬಹುದು. ಸರ್ಕಾರದ ದಾಖಲೆಗಳನ್ನು ಕಾಯುವವರಿದ್ದಾರೆ. ಜಮೀನು ದಾಖಲೆಗಳ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಯಂತ್ರ ಬದಲಾದ ಹಾಗೆಲ್ಲ ಆ ಮಾಹಿತಿಯೂ ಮುಂದಕ್ಕೆ ಸಾಗಿ ಬಂತು. ಆದರೆ ಮುದ್ರಣಾಲಯದ ಹಾರ್ಡ್ ಡಿಸ್ಕನ್ನು ಯಾರೂ ಮುಂದಕ್ಕೆ ಸಾಗಿಸಲಿಲ್ಲ. ಊರ ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಬಯಲಾಟದ ಮಾಸ್ತರರು ಬರೆದು ಟೈಪ್ ಮಾಡಿಸಿದ ಪ್ರಸಂಗ, ಊರ ಕವಿಯ ಅಚ್ಚಾಗದ ಸಂಕಲನ, ಇವೆಲ್ಲ ಆ ಡಿಸ್ಕುಗಳಲ್ಲಿ, ಫ್ಲಾಪಿಗಳಲ್ಲಿ ಕೂತಿವೆ. ಗಿರಣಿಯ ಲೆಕ್ಕದಲ್ಲಿ ಯಾವ ದಿನ ಯಾವ ಊರಿನ ಭತ್ತ ಯಾವ ಧಾರಣೆಗೆ ಬಂತು ಎಂಬುದು ದಿನವಹಿ ಇದೆ. ಸಿರುಗುಪ್ಪ ಸೀಮೆಯ ಬೇಸಾಯದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅವರಿಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು. ಈ ಕಾರಣಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಜೀವದ ಮಾತು. ಹಳೆಯ ಎಟಿ ಮಾದರಿಯ ಪೆಟ್ಟಿಗೆಗಳಲ್ಲಿ ಮುಂಭಾಗದ ಸ್ವಿಚ್ಚಿಗೆ ನೇರವಾಗಿ 230 ವೋಲ್ಟ್ ಬಂದಿರುತ್ತದೆ. ಈಗಿನ ಕಂಪ್ಯೂಟರಿನ ಹಾಗೆ ಅಲ್ಲಿ ಸಣ್ಣ ಸಂಕೇತದ ತಂತಿ ಇರುವುದಿಲ್ಲ. ಎಸ್‌ಎಂಪಿಎಸ್ಸಿನಿಂದ, ಅಂದರೆ ಒಳಗಿನ ವಿದ್ಯುತ್ ಡಬ್ಬಿಯಿಂದ, ದಪ್ಪ ತಂತಿಗಳು ಸ್ವಿಚ್ಚಿನವರೆಗೆ ಬಂದು ಹೋಗುತ್ತವೆ. ಸ್ವಿಚ್ ಆಫ್ ಮಾಡಿದರೂ ಗೋಡೆಯ ಪ್ಲಗ್ ಹಾಕಿಯೇ ಇದ್ದರೆ ಅಲ್ಲಿ ಕರೆಂಟ್ ಇರುತ್ತದೆ. ಆದ್ದರಿಂದ ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೆಯೇ ಮುಚ್ಚಳ ತೆಗೆಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ತೆರೆಯಲೇಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ನಿಂತಿರಬಹುದು. ಡಬ್ಬಿಯ ಹಿಂದುಗಡೆ 115, 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದು 230ರ ಕಡೆಗೇ ಇದೆಯೇ ನೋಡಿಕೊಳ್ಳಿ. ಮಕ್ಕಳು ಆಡುತ್ತಾ ಸರಿಸಿರುತ್ತಾರೆ.

ಎಸ್‌ಎಂಪಿಎಸ್ಸಿನಿಂದ ಮದರ್‌ಬೋರ್ಡಿಗೆ ಹೋಗುವ ಎರಡು ಉದ್ದ ಕನೆಕ್ಟರುಗಳಿವೆ, ಪಿ8 ಮತ್ತು ಪಿ9. ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ. ಈ ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದೇ.

ಇನ್ನು ಡ್ರೈವಿನ ಮಾತು. ಇದು ಬಾನುಲಿ, ನಿಮಗೆ ಚಿತ್ರ ತೋರಿಸಲಾರೆ. ಆದರೆ ಹಳೆಯ ಯಂತ್ರದ ತೊಂದರೆಗಳಲ್ಲಿ ಅರ್ಧದಷ್ಟು ಕಿವಿಯಿಂದಲೇ ತಿಳಿಯುತ್ತವೆ. ಪೆಟ್ಟಿಗೆಗೆ ಸ್ವಿಚ್ ಹಾಕಿದ ಕೂಡಲೇ ಫ್ಯಾನಿನ ಸದ್ದು ಬರುತ್ತದೆ. ಅದರ ಹಿಂದೆಯೇ ಹಾರ್ಡ್ ಡಿಸ್ಕ್ ತಿರುಗತೊಡಗಿದ ಸದ್ದು ಸಣ್ಣದಾಗಿ ಶುರುವಾಗಿ ಏರುತ್ತ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಪರದೆಯ ಮೇಲೆ ಮೆಮೊರಿ ಎಣಿಕೆ ಮುಗಿದ ಮೇಲೆ ಫ್ಲಾಪಿ ಡ್ರೈವಿನ ದೀಪ ಒಮ್ಮೆ ಹೊತ್ತಿ ‘ಗರ್ರ್’ ಎಂದು ಅದರ ಹೆಡ್ ಸರಿಯುತ್ತದೆ. ಕೊನೆಗೆ ಸ್ಪೀಕರಿನಿಂದ ಒಂದೇ ಒಂದು ಚಿಕ್ಕ ‘ಬೀಪ್’. ಈ ಸದ್ದುಗಳಲ್ಲಿ ಯಾವುದು ಬರಲಿಲ್ಲವೋ ಅಲ್ಲಿಂದ ಹುಡುಕಾಟ ಶುರು ಮಾಡಿ.

ಹಾರ್ಡ್ ಡಿಸ್ಕ್ ಸದ್ದೇ ಮಾಡದಿದ್ದರೆ ಪ್ಲಗ್ ಕಿತ್ತು, ಡಿಸ್ಕಿನ ಪಟ್ಟಿ ಕೇಬಲ್ ತೆಗೆದು, ಪವರ್ ಕನೆಕ್ಟರ್ ಒಂದನ್ನೇ ಉಳಿಸಿ ಮತ್ತೆ ಸ್ವಿಚ್ ಹಾಕಿ. ಈಗ ತಿರುಗಿದರೆ ಡಿಸ್ಕ್ ಬದುಕಿದೆ, ಕೇಬಲ್ ತಿರುಗಾಮುರುಗಾ ಕೂತಿದೆ ಎಂದರ್ಥ. ಐಡಿಇ ಎಂಬ, 40 ತಂತಿಯ ಒಂದೇ ಪಟ್ಟಿಯ ಡಿಸ್ಕಿನಲ್ಲಿ 1ನೇ ಪಿನ್ ರಿಸೆಟ್ ಸಂಕೇತದ್ದು, 40ನೇ ಪಿನ್ ಗ್ರೌಂಡ್. ಕೇಬಲ್ ತಿರುಗಿ ಕೂತರೆ ರಿಸೆಟ್ ತಂತಿ ಗ್ರೌಂಡಿಗೆ ಸೇರಿ ಡಿಸ್ಕ್ ಏಳುವುದೇ ಇಲ್ಲ. ಎಷ್ಟೋ ಸಲ ಇಡೀ ಯಂತ್ರವೇ ಪರದೆ ಹೊತ್ತಿಸದೆ ಸುಮ್ಮನಾಗುತ್ತದೆ. ಕೇಬಲ್ ತೆಗೆದ ಮೇಲೂ ತಿರುಗದಿದ್ದರೆ ಬೇರೆ ಪವರ್ ಕನೆಕ್ಟರ್ ಹಾಕಿ ನೋಡಿ. ಕೆಂಪು ತಂತಿಯಲ್ಲಿ 5 ವೋಲ್ಟ್, ಹಳದಿಯಲ್ಲಿ 12 ವೋಲ್ಟ್ ಬರಬೇಕು. ನಡುವಿನ ಎರಡು ಕಪ್ಪು ತಂತಿಗಳು ಗ್ರೌಂಡ್. ಮಲ್ಟಿಮೀಟರ್ ಇದ್ದವರು ಇದನ್ನು ಅಳೆದು ನೋಡಬಹುದು. ಆದರೆ ಡಿಸ್ಕ್ ಒಂದೇ ಸಮನೆ ‘ಟಕ್, ಟಕ್, ಟಕ್’ ಎನ್ನುತ್ತಿದ್ದರೆ ತಡಮಾಡದೆ ಆಫ್ ಮಾಡಿ. ಅದು ಒಳಗಿನ ಹೆಡ್ಡಿನ ತೊಂದರೆ. ಹಟಕ್ಕೆ ಬಿದ್ದು ಮತ್ತೆ ಮತ್ತೆ ಸ್ವಿಚ್ ಹಾಕಿದರೆ ಉಳಿದದ್ದೂ ಹಾಳಾಗುತ್ತದೆ.

ಫ್ಲಾಪಿ ಡ್ರೈವಿನ ಕೇಬಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಗೊಂದಲ ಇಲ್ಲೇ. ಅದು 34 ತಂತಿಗಳ ಬೂದು ಬಣ್ಣದ ಪಟ್ಟಿ. ಒಂದು ಅಂಚಿನಲ್ಲಿ ಕೆಂಪು ಗೆರೆ ಇರುತ್ತದೆ. ಆ ಕೆಂಪು ಗೆರೆ ಡ್ರೈವನ್ನು ನಡೆಸುವ ಕಂಟ್ರೋಲರಿನಲ್ಲೂ ಡ್ರೈವಿನಲ್ಲೂ 1ನೇ ಪಿನ್ನಿನ ಕಡೆಗೇ ಇರಬೇಕು. ಪಟ್ಟಿಯ ಒಂದು ತುದಿಯ ಹತ್ತಿರ 10ರಿಂದ 16ರವರೆಗಿನ ಏಳು ತಂತಿಗಳನ್ನು ಸೀಳಿ ತಿರುಚಿರುತ್ತಾರೆ. ಕೇಬಲ್ ಹಾಳಾಗಿದೆ ಎಂದುಕೊಂಡು ಅದನ್ನು ಬಿಡಿಸಿ ನೇರ ಮಾಡಿದವರನ್ನೂ ನಾನು ನೋಡಿದ್ದೇನೆ. ಅದು ಬೇಕೆಂದೇ ಮಾಡಿದ ತಿರುವು. ಶುಗಾರ್ಟ್ ಕಂಪನಿ ರೂಪಿಸಿದ ಮೂಲ ಪದ್ಧತಿಯಲ್ಲಿ ಪ್ರತಿ ಡ್ರೈವಿಗೂ ಜಂಪರಿನಿಂದ ಬೇರೆ ಬೇರೆ ಸಂಖ್ಯೆ ಕೊಡಬೇಕಿತ್ತು. ಐಬಿಎಂನವರು ಎಲ್ಲ ಡ್ರೈವುಗಳನ್ನೂ ಒಂದೇ ಸಂಖ್ಯೆಗೆ ಇಟ್ಟು, ಕೇಬಲಿನ ತಿರುವಿನಿಂದಲೇ ಎರಡನ್ನು ಬೇರ್ಪಡಿಸಿದರು. ತಿರುವು ದಾಟಿದ ಮೇಲೆ, ತುದಿಯಲ್ಲಿ ಕೂಡುವುದು ಎ ಡ್ರೈವ್. ತಿರುವಿಗೆ ಮೊದಲೇ ನಡುವಿನ ಕನೆಕ್ಟರಿನಲ್ಲಿ ಕೂಡುವುದು ಬಿ ಡ್ರೈವ್. ಒಂದೇ ಡ್ರೈವ್ ಇದ್ದು ಅದನ್ನು ನಡುವೆ ಕೂರಿಸಿದರೆ ಯಂತ್ರ ‘ಎ ಡ್ರೈವ್ ಇಲ್ಲ’ ಎನ್ನುತ್ತದೆ. ಡ್ರೈವಿನಲ್ಲಿ ಮಾತ್ರ ಏನೂ ತೊಂದರೆ ಇರುವುದಿಲ್ಲ.

ಸ್ವಿಚ್ ಹಾಕಿದ ಗಳಿಗೆಯಿಂದ ಫ್ಲಾಪಿ ಡ್ರೈವಿನ ದೀಪ ಆರದೆ ಉರಿಯುತ್ತಲೇ ಇದ್ದರೆ ಕೇಬಲ್ ತಿರುಗಾಮುರುಗಾ ಕೂತಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಈ ಕೇಬಲಿನಲ್ಲಿ ಬೆಸ ಸಂಖ್ಯೆಯ ತಂತಿಗಳೆಲ್ಲ ಗ್ರೌಂಡ್, ಸಮ ಸಂಖ್ಯೆಯವು ಸಂಕೇತ ಒಯ್ಯುತ್ತವೆ. ಸಂಕೇತದ ತಂತಿ ಗ್ರೌಂಡಿಗೆ ಇಳಿದಾಗ ಡ್ರೈವ್ ಅದನ್ನು ಆಜ್ಞೆ ಎಂದು ತಿಳಿಯುತ್ತದೆ. ತಿರುಗಿಸಿ ಹಾಕಿದಾಗ ಸಂಕೇತದ ಪಿನ್ನುಗಳೆಲ್ಲ ಗ್ರೌಂಡಿಗೆ ಸೇರಿ ಎಲ್ಲ ಆಜ್ಞೆಗಳೂ ಒಟ್ಟಿಗೆ ಬಂದಂತಾಗುತ್ತದೆ. ಅದರಲ್ಲಿ ‘ಬರೆ’ ಎನ್ನುವ ಆಜ್ಞೆಯೂ ಸೇರಿದೆ. ಆದ್ದರಿಂದ ದೀಪ ಆರದೆ ಉರಿಯುತ್ತಿರುವ ಡ್ರೈವಿಗೆ ನಿಮ್ಮ ಅಮೂಲ್ಯವಾದ ಫ್ಲಾಪಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಅದರ ಮೇಲಿನ ಬರಹ ಅಳಿಸಿಹೋಗಬಹುದು. ಮೊದಲು ಕೇಬಲ್ ಸರಿಮಾಡಿ, ಬೇಡವಾದ ಒಂದು ಫ್ಲಾಪಿಯಿಂದ ಪರೀಕ್ಷೆ ಮಾಡಿ, ಆಮೇಲೆ ನಿಮ್ಮದನ್ನು ಹಾಕಿ.

ಹಾಕುವ ಮುನ್ನ ಬರೆಯದಂತೆ ತಡೆಯಿರಿ. ಇಲ್ಲಿ ಎರಡು ಅಳತೆಯ ಫ್ಲಾಪಿಗಳ ಪದ್ಧತಿ ಒಂದಕ್ಕೊಂದು ಉಲ್ಟಾ. 5.25 ಇಂಚಿನ ದೊಡ್ಡ ಫ್ಲಾಪಿಯ ಪಕ್ಕದಲ್ಲಿ ಕಚ್ಚು ಇರುತ್ತದೆ. ಅದಕ್ಕೆ ಚೀಟಿ ಅಂಟಿಸಿ ಮುಚ್ಚಿದರೆ ರಕ್ಷಣೆ. 3.5 ಇಂಚಿನದರಲ್ಲಿ ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದರೆ ರಕ್ಷಣೆ. ಇನ್ನೊಂದು ಎಚ್ಚರ. 360 ಕೆಬಿಯ ಹಳೆಯ ಫ್ಲಾಪಿಯಲ್ಲಿ ಒಂದು ಬದಿಗೆ 40 ಟ್ರ್ಯಾಕು, 1.2 ಎಂಬಿಯ ಡ್ರೈವಿನಲ್ಲಿ 80. 1.2 ಎಂಬಿಯ ಡ್ರೈವಿನಲ್ಲಿ ಹಳೆಯ ಫ್ಲಾಪಿಯನ್ನು ಓದಬಹುದು, ತೊಂದರೆಯಿಲ್ಲ. ಅದರಲ್ಲಿ ಬರೆದರೆ ಮಾತ್ರ ಹಳೆಯ 360 ಕೆಬಿ ಡ್ರೈವ್ ಅದನ್ನು ಸರಿಯಾಗಿ ಓದಲಾರದು.

ಚಿಕ್ಕ ಡ್ರೈವಿನ ಪವರ್ ಕನೆಕ್ಟರ್ ಬಗ್ಗೆಯೂ ಒಂದು ಮಾತು. ನಾಲ್ಕು ಪಿನ್ನಿನ ಈ ಪುಟ್ಟ ಕನೆಕ್ಟರನ್ನು ಕತ್ತಲೆಯಲ್ಲಿ ಬೆರಳಿನಿಂದ ತಡವಿ ಒತ್ತಿದರೆ ಒಂದು ಪಿನ್ ಪಕ್ಕಕ್ಕೆ ಕೂತುಬಿಡುತ್ತದೆ. 12 ವೋಲ್ಟ್ ತಪ್ಪು ಜಾಗಕ್ಕೆ ಹರಿದರೆ ಡ್ರೈವ್ ಸುಡುತ್ತದೆ. ಟಾರ್ಚ್ ಹಿಡಿದು, ನಾಲ್ಕು ಪಿನ್ನೂ ನಾಲ್ಕು ರಂಧ್ರದಲ್ಲಿ ಇವೆ ಎಂದು ಕಣ್ಣಾರೆ ನೋಡಿ.

ಕುರುಗೋಡಿನ ಒಂದು ಮುದ್ರಣಾಲಯದಲ್ಲಿ ಕಂಡದ್ದನ್ನು ಹೇಳಲೇಬೇಕು. ಒಂದು ಪೆಟ್ಟಿಗೆ ತುಂಬ ಫ್ಲಾಪಿಗಳಿದ್ದವು. ಮೊದಲನೆಯದನ್ನು ಹಾಕಿದಾಗ ಕಡತಗಳ ಪಟ್ಟಿ ಬಂತು. ಎರಡನೆಯದನ್ನು ಹಾಕಿದರೂ ಅದೇ ಪಟ್ಟಿ, ಮೂರನೆಯದಕ್ಕೂ ಅದೇ. ಎಲ್ಲ ಫ್ಲಾಪಿಗಳಲ್ಲೂ ಒಂದೇ ಸರಕು ಇದೆ, ಒಂದನ್ನು ಇಟ್ಟುಕೊಂಡರೆ ಸಾಕು ಎಂದು ಅವರು ಉಳಿದವನ್ನು ಎಸೆಯುವ ಯೋಚನೆಯಲ್ಲಿದ್ದರು. ಕಾರಣ ಕೇಬಲಿನ ಕೊನೆಯ ತಂತಿ, 34ನೆಯದು. ಫ್ಲಾಪಿ ಬದಲಾಯಿತು ಎಂಬ ಸುದ್ದಿಯನ್ನು ಯಂತ್ರಕ್ಕೆ ಒಯ್ಯುವ ತಂತಿ ಅದು. ಅದು ತುಂಡಾದರೆ ಫ್ಲಾಪಿ ಬದಲಾದದ್ದು ಯಂತ್ರದ ಕಾರ್ಯವ್ಯವಸ್ಥೆ ಡಾಸ್‌ಗೆ ತಿಳಿಯುವುದೇ ಇಲ್ಲ. ತನ್ನ ನೆನಪಿನಲ್ಲಿರುವ ಹಳೆಯ ಪಟ್ಟಿಯನ್ನೇ ಮತ್ತೆ ತೋರಿಸುತ್ತದೆ. ಆ ಸ್ಥಿತಿಯಲ್ಲಿ ಎರಡನೆಯ ಫ್ಲಾಪಿಗೆ ಏನನ್ನಾದರೂ ಬರೆದರೆ ಮೊದಲನೆಯದರ ಲೆಕ್ಕಾಚಾರ ಅದರ ಮೇಲೆ ಬಿದ್ದು ಇರುವುದೂ ನಾಶವಾಗುತ್ತದೆ. ಕೇಬಲ್ ಬದಲಿಸಿದ ಮೇಲೆ ಒಂದೊಂದು ಫ್ಲಾಪಿಯೂ ತನ್ನ ತನ್ನ ಪಟ್ಟಿಯನ್ನು ತೋರಿಸಿತು. ಒಂದರಲ್ಲಿ ಜಾತ್ರೆಯ ಹಾಡುಗಳಿದ್ದವು, ಇನ್ನೊಂದರಲ್ಲಿ ನಾಟಕದ ಅಂಕಗಳಿದ್ದವು. ನನಗೆ ಅವತ್ತು ಆದ ಸಂತೋಷ ಇನ್ನೂ ಇದೆ.

ಹಾರ್ಡ್ ಡಿಸ್ಕಿಗೆ ಬರೋಣ. ತೀರ ಹಳೆಯ ಯಂತ್ರಗಳಲ್ಲಿ ಎರಡು ಪಟ್ಟಿ ಕೇಬಲಿನ ಡಿಸ್ಕುಗಳಿವೆ. ಒಂದು 34 ತಂತಿಯದು, ಆಜ್ಞೆಗೆ. ಇನ್ನೊಂದು 20 ತಂತಿಯದು, ಮಾಹಿತಿಗೆ. ಸೀಗೇಟ್ ಕಂಪನಿಯ ಎಸ್‌ಟಿ-225 ಎಂಬ 20 ಎಂಬಿಯ ಡಿಸ್ಕನ್ನು ಈ ಜಾತಿಯ ಉದಾಹರಣೆಯಾಗಿ ಹೇಳಬಹುದು. ಇದರ 34 ತಂತಿಯ ಕೇಬಲ್ ಫ್ಲಾಪಿಯ ಕೇಬಲ್ ಥರವೇ ಕಾಣುತ್ತದೆ, ಆದರೆ ತಿರುವಿನ ಜಾಗ ಬೇರೆ: ಇಲ್ಲಿ 25ರಿಂದ 29ರವರೆಗಿನ ಐದು ತಂತಿ. ಒಂದರ ಬದಲಿಗೆ ಇನ್ನೊಂದು ಹಾಕಿದರೆ ಕೆಲಸ ಮಾಡದು. ರಿಪೇರಿಯವರ ಡಬ್ಬಿಯಲ್ಲಿ ಎರಡೂ ಕಲೆತುಹೋಗಿರುವುದರಿಂದ ಇದು ಆಗಾಗ ಆಗುವ ಅದಲುಬದಲು. ಮುಖ್ಯವಾದ ಮಾತು ಇನ್ನೊಂದಿದೆ. ಈ ಡಿಸ್ಕುಗಳ ಮೇಲಿನ ಬರಹ ಅದನ್ನು ಬರೆದ ಕಂಟ್ರೋಲರ್ ಕಾರ್ಡಿಗೆ ಹೊಂದಿಕೊಂಡಿರುತ್ತದೆ. ಬೇರೆ ಮಾದರಿಯ ಕಾರ್ಡಿಗೆ ಜೋಡಿಸಿದರೆ ಸಾಮಾನ್ಯವಾಗಿ ಓದಲಾಗದು. ಆದ್ದರಿಂದ ಡಿಸ್ಕನ್ನಷ್ಟೇ ಬಿಚ್ಚಿಕೊಂಡು ಕಾರ್ಡನ್ನು ಗುಜರಿಗೆ ಹಾಕಬೇಡಿ. ಎರಡನ್ನೂ ಒಟ್ಟಿಗೆ ಇಡಿ.

1980ರ ದಶಕದ ಕೊನೆಯಿಂದ ಬಂದ ಐಡಿಇ ಡಿಸ್ಕುಗಳಲ್ಲಿ ಕಂಟ್ರೋಲರ್ ಡಿಸ್ಕಿನ ಮೈಮೇಲೆಯೇ ಇದೆ. 40 ತಂತಿಯ ಒಂದೇ ಪಟ್ಟಿ, ಒಂದು ಪಟ್ಟಿಗೆ ಎರಡು ಡಿಸ್ಕು. ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂದು ಜಂಪರ್ ಹೇಳಬೇಕು. ಎರಡೂ ಮಾಸ್ಟರ್ ಆದರೆ ಒಂದೂ ಸರಿಯಾಗಿ ಕಾಣದಿರಬಹುದು. ಕೆಲವು ಡಿಸ್ಕುಗಳಿಗೆ ಒಂಟಿಯಾಗಿದ್ದಾಗ ಒಂದು ಜಂಪರ್ ಸ್ಥಾನ, ಜೊತೆಯಲ್ಲಿ ಸ್ಲೇವ್ ಇದ್ದಾಗ ಮಾಸ್ಟರ್ ಆಗಿರಲು ಬೇರೆ ಸ್ಥಾನ. ಎರಡನೆಯ ಡಿಸ್ಕನ್ನು ಯಾರೋ ಬಿಚ್ಚಿಕೊಂಡು ಹೋದ ಮೇಲೆ ಉಳಿದದ್ದು ಕೆಟ್ಟಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಕಂಪನಿ ಬೇರೆ ಬೇರೆಯಾದ ಎರಡು ಹಳೆಯ ಡಿಸ್ಕುಗಳು ಒಂದೇ ಕೇಬಲಿನಲ್ಲಿ ಹೊಂದದೆ ಇರುವುದೂ ಉಂಟು. ಪರೀಕ್ಷೆ ಮಾಡುವಾಗ ಒಂದು ಕೇಬಲಿಗೆ ಒಂದೇ ಡಿಸ್ಕ್ ಇಡಿ. ಕೇಬಲ್ 46 ಸೆಂಟಿಮೀಟರ್ ಮೀರಬಾರದು ಎಂಬುದು ನಿಯಮ. ಪೆಟ್ಟಿಗೆ ಎತ್ತರವಾಗಿದೆ ಎಂದು ಉದ್ದನೆಯದನ್ನು ತಂದು ಹಾಕಿದವರಿದ್ದಾರೆ.

ಸಿರುಗುಪ್ಪ ತುಂಗಭದ್ರೆಯ ನೀರಿನ ಭತ್ತದ ಸೀಮೆ. ಅಲ್ಲಿಯ ಗಿರಣಿಗಳ ಒಳಗೆ ತೌಡಿನ ಪುಡಿ ಸದಾ ಗಾಳಿಯಲ್ಲಿ ತೇಲುತ್ತಿರುತ್ತದೆ, ಇಲಿಗಳಿಗೂ ಕೊರತೆಯಿಲ್ಲ. ಅಲ್ಲಿಯ ಒಂದು ಗಿರಣಿಯ 486 ಯಂತ್ರ ನೋಡಲು ಹೋಗಿದ್ದೆ. ಯಜಮಾನರು ‘ಡಿಸ್ಕ್ ಹೋಗೈತ್ರಿ ಸರ್, ಗುಜರಿಯವನಿಗೆ ಹೇಳೀವಿ’ ಅಂದರು. ‘ಸಾವ್ಕಾರ್ರೇ, ಒಂದೀಟು ತಡೀರಿ’ ಅಂದೆ. ಡಿಸ್ಕ್ ಸರಿಯಾಗಿ ತಿರುಗುತ್ತಿತ್ತು. ಯಂತ್ರ ಏಳುವಾಗ ತೆರೆಯುವ ಸೆಟಪ್ ಪರದೆಗೆ ಹೋಗಿ ಡಿಸ್ಕನ್ನು ತಾನಾಗಿ ಗುರುತಿಸುವಂತೆ ಯಂತ್ರಕ್ಕೆ ಹೇಳಿದಾಗ ಡಿಸ್ಕಿನ ಹೆಸರು ಬಂತು, ಆದರೆ ಅಕ್ಷರಗಳು ಅಡ್ಡಾದಿಡ್ಡಿಯಾಗಿ ಬಂದವು. ಕಂಪನಿಯ ಹೆಸರಿನಲ್ಲಿ ಇರಬಾರದ ಚಿಹ್ನೆಗಳು ಸೇರಿದ್ದವು. ಇದು ಬಹಳ ಬೆಲೆಬಾಳುವ ಗುರುತು. ಡಿಸ್ಕ್ ತನ್ನ ಹೆಸರನ್ನು ಸರಿಯಾಗಿಯೇ ಹೇಳುತ್ತಿದೆ, ದಾರಿಯಲ್ಲಿ ಒಂದು ಮಾಹಿತಿ ತಂತಿ ಕಡಿದಿದೆ ಇಲ್ಲವೇ ಒಂದು ಪಿನ್ ಬಾಗಿದೆ ಎಂದು ಅದರ ಅರ್ಥ. ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಇಲಿಯ ಹಲ್ಲಿನ ಗುರುತಿತ್ತು. ಬೇರೆ ಕೇಬಲ್ ಹಾಕಿದೆವು. ಸಿ ಡ್ರೈವ್ ತೆರೆಯಿತು, ವರ್ಷಗಳ ಲೆಕ್ಕ ಹಾಗೇ ಇತ್ತು. ಆದ್ದರಿಂದ ಹೆಸರು ತಪ್ಪಾಗಿ ಬಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಕೇಬಲ್ ಬದಲಿಸಿ.

ಬಳ್ಳಾರಿ ಊರಿನ ಯಂತ್ರಗಳಿಗೆ ಒಣದೂಳು ಶತ್ರು. ನೀರಾವರಿಯ ಊರುಗಳಲ್ಲಿ ತೇವ ಶತ್ರು. ಕಾರ್ಡುಗಳ ಅಂಚಿನ ಲೋಹ ಮಂಕಾಗಿ ಸಂಪರ್ಕ ಕೆಡುತ್ತದೆ. ಎರಡಕ್ಕೂ ಔಷಧ ಒಂದೇ. ಕಾರ್ಡನ್ನು ಕಿತ್ತು, ಅಂಚಿನ ಲೋಹವನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. ಕೇಬಲ್‌ಗಳನ್ನೂ ಒಮ್ಮೆ ಕಿತ್ತು ಹಾಕಿ. ಬೇರೇನೂ ಮಾಡದೆ ಇಷ್ಟರಿಂದಲೇ ಎದ್ದ ಯಂತ್ರಗಳು ಬಹಳ ಇವೆ. ಚಳಿಗಾಲದ, ಬೇಸಿಗೆಯ ಒಣ ಹವೆಯಲ್ಲಿ ಮೈಯಲ್ಲಿ ಸ್ಥಾಯಿ ವಿದ್ಯುತ್ ಕೂಡುವುದರಿಂದ ಕೆಲಸಕ್ಕೆ ಮುನ್ನ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿಕೊಳ್ಳಿ.

ಇನ್ನು ಬ್ಯಾಟರಿ. ಯಂತ್ರ ತನ್ನ ಡಿಸ್ಕಿನ ವಿವರವನ್ನು ಸಿಮೋಸ್ ಎಂಬ ಸಣ್ಣ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಬ್ಯಾಟರಿ ಮುಗಿದರೆ ಆ ನೆನಪು ಅಳಿಸುತ್ತದೆ, ಕೇಬಲ್ಲು, ಡಿಸ್ಕು ಎರಡೂ ಸರಿಯಿದ್ದರೂ ಡ್ರೈವ್ ಕಾಣುವುದಿಲ್ಲ. ಗಡಿಯಾರ ಹಳೆಯ ತಾರೀಖು ತೋರಿಸುತ್ತಿದ್ದರೆ ಇದೇ ಕಾರಣ ಎಂದು ಊಹಿಸಬಹುದು. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರು, ಹೆಡ್ಡು, ಸೆಕ್ಟರುಗಳ ಸಂಖ್ಯೆ ಬರೆದಿರುವುದುಂಟು, ಅದನ್ನು ಸೆಟಪ್ಪಿನಲ್ಲಿ ತುಂಬಬೇಕು. ನಾನು ಹೇಳಿದ ಎಸ್‌ಟಿ-225ರಲ್ಲಿ 615 ಸಿಲಿಂಡರು, 4 ಹೆಡ್ಡು, 17 ಸೆಕ್ಟರು. ಒಂದು ಸೆಕ್ಟರಿಗೆ 512 ಬೈಟಿನಂತೆ ಗುಣಿಸಿದರೆ 2 ಕೋಟಿ 14 ಲಕ್ಷ ಬೈಟು ಆಗುತ್ತದೆ. ಯಂತ್ರವನ್ನು ಎಬ್ಬಿಸುವ ಹಳೆಯ ಬಯಾಸ್‌ಗಳ ಲೆಕ್ಕ 1024 ಸಿಲಿಂಡರು, 16 ಹೆಡ್ಡು, 63 ಸೆಕ್ಟರಿಗೆ, ಅಂದರೆ 528 ಎಂಬಿಗೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕನ್ನು ಅಂಥ ಯಂತ್ರಕ್ಕೆ ಹಾಕಿ ಪೂರ್ತಿ ಕಾಣಲಿಲ್ಲ ಎಂದು ಡಿಸ್ಕನ್ನು ದೂರಬಾರದು. ಸಂಖ್ಯೆ ತಪ್ಪಾಗಿ ತುಂಬಿದರೂ ಡಿಸ್ಕ್ ಅರ್ಧಂಬರ್ಧ ತೆರೆದುಕೊಂಡು ಕಸ ತೋರಿಸುತ್ತದೆ. ಆಗ ರಿಪೇರಿಯ ಪ್ರೋಗ್ರಾಮುಗಳನ್ನು ಓಡಿಸಬೇಡಿ. ಅವು ಸರಿಯಿದ್ದದ್ದನ್ನು ತಪ್ಪೆಂದು ತಿಳಿದು ತಿದ್ದಿಬಿಡುತ್ತವೆ.

ಹಳೆಯ ಬೋರ್ಡುಗಳಲ್ಲಿ ಬೆಸುಗೆ ಹಾಕಿದ, ನೀಲಿ ಅಥವಾ ಹಸಿರು ಹೊದಿಕೆಯ 3.6 ವೋಲ್ಟಿನ ಉರುಳೆ ಬ್ಯಾಟರಿ ಇದ್ದರೆ ಅದನ್ನು ಇವತ್ತೇ ಕತ್ತರಿಸಿ ತೆಗೆಯಿರಿ. ಅದು ಒಡೆದು ಸೋರುವ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಸೋರಿದ್ದರೆ ಬಿಳಿ ವಿನೆಗರಿನಿಂದ ಒರೆಸಿ, ಆಮೇಲೆ ಐಪಿಎಯಿಂದ ತೊಳೆಯಿರಿ.

ಡ್ರೈವ್ ಕಂಡಿತು ಎನ್ನೋಣ. ಮೊದಲ ಕೆಲಸ ನಕಲು. ಯಂತ್ರವನ್ನು ಚೊಕ್ಕ ಮಾಡುವುದು, ಆಟ ಆಡಿ ನೋಡುವುದು ಎಲ್ಲ ಆಮೇಲೆ. ಹಳೆಯ ಡಿಸ್ಕ್ ಇವತ್ತು ಎದ್ದದ್ದು ನಾಳೆ ಏಳದಿರಬಹುದು. ಡಾಸ್ 6ರಲ್ಲಿ ಇಂಟರ್‌ಲಿಂಕ್ ಎಂಬ ಪ್ರೋಗ್ರಾಮ್ ಒಟ್ಟಿಗೇ ಬರುತ್ತದೆ. ತಕ್ಕ ಕೇಬಲ್ ಒಂದಿದ್ದರೆ ಎರಡು ಯಂತ್ರಗಳನ್ನು ಪ್ರಿಂಟರ್ ಅಥವಾ ಸೀರಿಯಲ್ ಪೋರ್ಟಿನ ಮೂಲಕ ಜೋಡಿಸಿ ಕಡತ ಸಾಗಿಸಬಹುದು. 1990ರ ದಶಕದ ಕೊನೆಯ ಐಡಿಇ ಡಿಸ್ಕುಗಳನ್ನು ಯುಎಸ್‌ಬಿ ಅಡಾಪ್ಟರಿನಿಂದ ಇಂದಿನ ಕಂಪ್ಯೂಟರಿಗೆ ಹಾಕಿ, ಲಿನಕ್ಸಿನ ಡಿಡಿ-ರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಮಿನಿಂದ ಇಡೀ ಡಿಸ್ಕನ್ನೇ ನಕಲು ಮಾಡಿಕೊಳ್ಳಬಹುದು. ಅದಕ್ಕೂ ಹಳೆಯ ಡಿಸ್ಕುಗಳು ಅಂಥ ಅಡಾಪ್ಟರಿಗೆ ಉತ್ತರ ಕೊಡದಿದ್ದರೆ ಸತ್ತಿವೆ ಎನ್ನಬೇಡಿ. ಈ ಅಡಾಪ್ಟರುಗಳು ಬಳಸುವ ವಿಳಾಸದ ಪದ್ಧತಿ ಆ ಡಿಸ್ಕುಗಳ ಕಾಲಕ್ಕೆ ಇರಲಿಲ್ಲ. ಅವನ್ನು ಅವುಗಳ ಕಾಲದ ಯಂತ್ರದಲ್ಲೇ ಓದಬೇಕು. ಯುಎಸ್‌ಬಿ ಫ್ಲಾಪಿ ಡ್ರೈವ್ 3.5 ಇಂಚಿನದನ್ನು ಓದುತ್ತದೆ, 5.25 ಇಂಚಿನದಕ್ಕೆ ಹಳೆಯ ಡ್ರೈವೇ ಬೇಕು. ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡಿನಿಂದ ಅಂಥ ಡ್ರೈವನ್ನು ಈಗಿನ ಲ್ಯಾಪ್‌ಟಾಪಿಗೆ ಜೋಡಿಸಬಹುದು. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು. ಜಪಾನ್ ಸರ್ಕಾರ ಅರ್ಜಿಗಳನ್ನು ಫ್ಲಾಪಿಯಲ್ಲೇ ಕೊಡಬೇಕೆಂಬ ತನ್ನ ನಿಯಮಗಳನ್ನು ತೆಗೆದುಹಾಕಿದ್ದು 2024ರಲ್ಲಿ. ಹಳೆಯ ಮಾದರಿಯ ಹೊಸ ಡ್ರೈವು ಈಗ ಸಿಗುವುದೇ ಕಷ್ಟ. ನಿಮ್ಮ ಅಟ್ಟದ ಮೇಲಿರುವ ಹಳೆಯ ಡ್ರೈವ್ ಇನ್ನೊಬ್ಬರ ಫ್ಲಾಪಿಯನ್ನು ಓದಿಕೊಡಬಲ್ಲದು.

ಕೊನೆಯ ಒಂದು ಎಡವಟ್ಟಿನ ಜಾಗವಿದೆ, ಅದು ಕನ್ನಡಕ್ಕೇ ಸೇರಿದ್ದು. ನಕಲು ಮಾಡಿದ ಕಡತವನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಇಷ್ಟು ದುಡಿದೂ ಮಾಹಿತಿ ಹಾಳಾಗಿದೆ ಎಂದು ಜನ ಕೈಚೆಲ್ಲುತ್ತಾರೆ. ಹಾಳಾಗಿರುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕೆ.ಪಿ. ರಾಯರ ಸೇಡಿಯಾಪು, ಶ್ರೀಲಿಪಿ, ಪ್ರಕಾಶಕ, ಆಕೃತಿ, 1998ರಲ್ಲಿ ಶೇಷಾದ್ರಿ ವಾಸು ತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಹೀಗೆ ಹಲವು ತಂತ್ರಾಂಶಗಳು ಬಳಕೆಯಲ್ಲಿದ್ದವು. ಹೆಚ್ಚಿನವು ತಮ್ಮದೇ ಸಂಕೇತದಲ್ಲಿ, ತಮ್ಮದೇ ಫಾಂಟಿನಲ್ಲಿ ಕನ್ನಡವನ್ನು ಉಳಿಸಿದವು. ಅದೇ ಫಾಂಟ್ ಹಾಕಿದರೆ ಅಕ್ಷರ ಮತ್ತೆ ಮೂಡುತ್ತದೆ. ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳೂ ಇವೆ. ಹಾಗಾಗಿ ನಕಲು ಮಾಡುವಾಗ ಪತ್ರ, ಪುಸ್ತಕಗಳನ್ನು ಮಾತ್ರ ಆರಿಸಿಕೊಳ್ಳದೆ, ಫಾಂಟು ಮತ್ತು ತಂತ್ರಾಂಶ ಸಮೇತ ಇಡೀ ಡಿಸ್ಕನ್ನೇ ಎತ್ತಿಕೊಳ್ಳಿ. ಯಾವ ಊರಿನ, ಯಾವ ಮುದ್ರಣಾಲಯದ ಡಿಸ್ಕು ಎಂದು ಒಂದು ಚೀಟಿಯನ್ನೂ ಬರೆದಿಡಿ.

ಬಳ್ಳಾರಿಯ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಪ್ರಯೋಗಾಲಯದಲ್ಲಿ ಎರಡು ಅಳತೆಯ ಫ್ಲಾಪಿ ಡ್ರೈವು, ಒಂದು ಐಡಿಇ ಕಂಟ್ರೋಲರು ಇರುವ ಒಂದೇ ಒಂದು ಹಳೆಯ ಯಂತ್ರವನ್ನು ಚಾಲೂ ಸ್ಥಿತಿಯಲ್ಲಿ ಇಡಿ. ಸುತ್ತಲಿನ ಊರಿನವರು ತಂದುಕೊಟ್ಟ ಡಿಸ್ಕುಗಳನ್ನು ಓದಿ ನಕಲು ಮಾಡಿಕೊಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟಾಗಿ ಕೊಡಿ. ಕೇಬಲ್ಲು, ಜಂಪರು, ಸಂಕೇತ, ಗ್ರೌಂಡು ಇವನ್ನೆಲ್ಲ ಅವರು ಪುಸ್ತಕದಲ್ಲಿ ಓದಿದ್ದಾರೆ, ಇಲ್ಲಿ ಕೈಯಿಂದ ಕಲಿಯುತ್ತಾರೆ.

ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಕೇಳುಗರೇ, ನಿಮ್ಮ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಕೊಡಲೇಬೇಕಾದರೆ ಮಾನಿಟರ್ ಕೊಡಿ, ಡಬ್ಬಿ ಕೊಡಿ. ಹಾರ್ಡ್ ಡಿಸ್ಕು, ಅದರ ಕಂಟ್ರೋಲರ್ ಕಾರ್ಡು, ಫ್ಲಾಪಿ ಡ್ರೈವು, ಫ್ಲಾಪಿಗಳು, ಇಷ್ಟನ್ನು ಮಾತ್ರ ನಕಲು ಆಗುವ ತನಕ ಕೊಡಬೇಡಿ.